ಭಾರ ಸ್ವಾಮಿಯ ಮೇಲೆ, ಚೀಲ ಹೆಗಲ ಮೇಲೆ: ಕೊಟ್ಟೂರಿಗೆ ಮೊದಲ ಸಲ ನಡೆಯುವವರಿಗೆ

ವಿಜಯನಗರ ಜಿಲ್ಲೆಯ ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವುದು ಮಾಘ ಬಹುಳದ ಮೂಲಾ ನಕ್ಷತ್ರದಂದು, ಸಾಮಾನ್ಯವಾಗಿ ಫೆಬ್ರುವರಿಯಲ್ಲಿ. ದಾವಣಗೆರೆಯಿಂದ ನಡೆದರೆ 60 ಕಿ.ಮೀ. ಮೇಲೆ. ಮೊದಲ ಸಲದವರು ಎರಡು ದಿನ ಇಟ್ಟುಕೊಳ್ಳಲಿ. ಹೊರಡಲು ಹಿಂಜರಿಯುವವರನ್ನು ತಡೆಯುವುದು ದೂರವಲ್ಲ. ಊಟ ಎಲ್ಲಿ, ಮಲಗುವುದೆಲ್ಲಿ, ನಡುದಾರಿಯಲ್ಲಿ ಕಾಲು ಸೋತರೆ ಏನು ಗತಿ ಎಂಬ ಚಿಂತೆ. ಇದರಲ್ಲಿ ಊಟ, ನಿದ್ದೆ ಎರಡನ್ನೂ ಸ್ವಾಮಿಗೆ ಬಿಡಿ. ಕಾಲನ್ನು ಮಾತ್ರ ಬಿಡಬೇಡಿ, ಅದು ನಿಮ್ಮ ಪಾಲಿನ ಕೆಲಸ. ‘ಮಾಡಿದಷ್ಟು ನೀಡು ಭಿಕ್ಷೆ’, ಅಂದರೆ ದುಡಿದಷ್ಟೇ ಫಲ, ಎಂದ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಸೀಮೆಯವರು ನಾವು.

ಆರು ವಾರ ಮೊದಲೇ ದಿನಕ್ಕೆ 3 ಕಿ.ಮೀ. ನಡೆಯಲು ಶುರು ಮಾಡಿ, ವಾರಕ್ಕೊಮ್ಮೆ ಹೆಚ್ಚಿಸುತ್ತಾ ಹೋಗಿ. ಹೊರಡುವ ಎರಡು ವಾರ ಮುಂಚೆ ಒಂದೇ ದಿನ 20 ಕಿ.ಮೀ. ನಡೆದು ನೋಡಿ. ಎಲ್ಲಿ ಉಜ್ಜುತ್ತದೆ, ಯಾವ ಬೆರಳು ಉರಿಯುತ್ತದೆ ಎಂಬುದು ಅವತ್ತೇ ಗೊತ್ತಾಗುತ್ತದೆ. ಯಾತ್ರೆಗೆಂದು ಹೊಸ ಚಪ್ಪಲಿ ಕೊಂಡರೆ ಕೆಟ್ಟಿರಿ. ಬರಿಗಾಲ ಹರಕೆ ಹೊತ್ತವರು ತಿಂಗಳು ಮೊದಲಿಂದ ಬರಿಗಾಲಲ್ಲೇ ಓಡಾಡಿ ಅಂಗಾಲು ಗಟ್ಟಿ ಮಾಡಿಕೊಳ್ಳಬೇಕು. ಮಧ್ಯಾಹ್ನದ ಡಾಂಬರು ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲ ಹರಕೆ ಹೊರಲೇಬಾರದು. ಪಾದಕ್ಕೆ ಸ್ಪರ್ಶ ತಿಳಿಯದೆ ಗಾಯ ದೊಡ್ಡದಾದ ಮೇಲೆ ಕಣ್ಣಿಗೆ ಬೀಳುತ್ತದೆ.

ಹಿಂದಿನ ರಾತ್ರಿ ಚೀಲ ತುಂಬಿ ದೇವರ ಮುಂದಿಟ್ಟು ಇನ್ನೊಮ್ಮೆ ಬಿಚ್ಚಿ. ಮೂರನೇ ಜೊತೆ ಬಟ್ಟೆ, ಎರಡು ದಿನದ ರೊಟ್ಟಿ ಗಂಟು, ದಪ್ಪ ಕಂಬಳಿ... ಇವೆಲ್ಲ ಭಯ ಕಟ್ಟಿಸಿದವು. ಒಂದೊಂದನ್ನೇ ತೆಗೆದು ಪಕ್ಕಕ್ಕಿಡುವಾಗ ಕೈ ತಡೆಯುತ್ತದೆ. ನಂಬಿಕೆಯ ಪರೀಕ್ಷೆ ನಡೆಯುವುದು ಅಲ್ಲೇ, ರಸ್ತೆಯಲ್ಲಲ್ಲ. ಒಂದು ಜೊತೆ ಬಟ್ಟೆ, ತೆಳ್ಳನೆ ಹೊದಿಕೆ, ಟಾರ್ಚ್, ಲೀಟರ್ ನೀರು, ದಿನನಿತ್ಯದ ಮಾತ್ರೆ, ಹತ್ತಿ, ಬ್ಯಾಂಡೇಜು, ಕೊಬ್ಬರಿ ಎಣ್ಣೆ ಸಾಕು. ನೀರು ಸೇರಿ 4 ಕೆ.ಜಿ. ದಾಟದಿರಲಿ.

ನಸುಕಿನ 4ಕ್ಕೆ ಹೊರಟು 10ರೊಳಗೆ ನೆರಳು ಸೇರಿ. ಮತ್ತೆ ಸಂಜೆ 4ಕ್ಕೆ ಎದ್ದರೆ ಸರಿ. ಕತ್ತಲಲ್ಲಿ ರಸ್ತೆಯ ಬಲಬದಿಗೆ, ಎದುರಿನ ಗಾಡಿ ಕಾಣುವಂತೆ ನಡೆಯಿರಿ. ಹುಡುಗರ ಹುರುಪಿಗೆ ಸರಿಗಟ್ಟಲು ಹೋಗಿ ಮೊದಲ 10 ಕಿ.ಮೀ. ಓಡಿದವರೇ ಮರುದಿನ ಕುಂಟುವುದು.

ದಾರಿಯಲ್ಲಿ ಭಕ್ತರು ಮಜ್ಜಿಗೆ, ಹಣ್ಣು, ಉಪ್ಪಿಟ್ಟು ಹಿಡಿದು ಕರೆಯುತ್ತಾರೆ. ಸಂಕೋಚ ಪಡದೆ ಕೈಯೊಡ್ಡಿ. ದುಡ್ಡು ಕೊಡಲು ಹೋಗಬೇಡಿ, ದಾಸೋಹಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಆದರೆ ಕರಿದ ಮೆಣಸಿನಕಾಯಿ ಒಂದಕ್ಕೇ ನಿಲ್ಲಿಸಿ. ತಲೆ ಸುತ್ತಿದರೆ ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ನೆರಳಲ್ಲಿ ಕೂತರೂ ಸುತ್ತು ನಿಲ್ಲದಿದ್ದರೆ, ಎದೆ ಹಿಡಿದರೆ ಆಸ್ಪತ್ರೆಗೇ ಹೋಗಬೇಕು.

ಗುಳ್ಳೆ ಎದ್ದರೆ ಒಡೆಯಬೇಡಿ. ಒಡೆದೇ ಹೋದರೆ ಮೇಲಿನ ಚರ್ಮ ಕೀಳದೆ ತೊಳೆದು, ಒರೆಸಿ, ಪಟ್ಟಿ ಕಟ್ಟಿ. ಬೆವರಿಗೆ ಒದ್ದೆಯಾದ ಕಾಲುಚೀಲವನ್ನು ಪ್ರತಿ ತಂಗುದಾಣದಲ್ಲೂ ಬಿಚ್ಚಿ ಒಣಗಿಸಿ. ಗುಳ್ಳೆ ಬೇಗ ಏಳುವುದು ಆ ತೇವದಿಂದಲೇ.

ಮೊಣಕಾಲು ಊದಿ ಹೆಜ್ಜೆ ಕಿತ್ತಿಡಲಾಗದಿದ್ದರೆ ಗಾಡಿ ಹತ್ತಿ. ಹರಕೆ ಮುರಿಯಿತೆಂದು ಅಳುವ ತಾಯಂದಿರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು: ಕುಂಟುವ ಮಗುವನ್ನು ಎತ್ತಿಕೊಳ್ಳುವವನು ಸ್ವಾಮಿ, ಸಿಟ್ಟಾಗುವವನಲ್ಲ. ವಾಪಸು ಬರುವ ಬಸ್ಸಿನ ದುಡ್ಡು ಒಳಜೇಬಿನಲ್ಲಿ ಬೇರೆಯೇ ಇರಲಿ. ತೇರು ಎಳೆದ ರಾತ್ರಿ ಬಸ್ಸುಗಳು ಕಿಕ್ಕಿರಿದಿರುತ್ತವೆ. ಬೆಳಗಿನವರೆಗೆ ಅಲ್ಲೇ ಕಾಲು ಚಾಚಿ ಮಲಗಿ.