ಜಾತ್ರೆ ಹಚ್ಚೆ ತಿದ್ದುವ ಕೆಲಸ: ಲ್ಯಾಬ್ ಬಿಟ್ಟು ಬಂದವಳ ಅನುಭವ

ಗೆರೆ ಎಳೆಯುವ ಲೈನರ್ ಸೂಜಿ ಯಾವುದು, ನೆರಳು ತುಂಬುವ ಶೇಡರ್ ಯಾವುದು ಎಂದು ಕೇಳುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಟ್ಯಾಟೂ ಮಶೀನು ಹಿಡಿದು ವರ್ಷವಾದರೂ ಆಗಿರುವವರಿಗಾಗಿ ಬರೆಯುತ್ತಿದ್ದೇನೆ. ಸವದತ್ತಿ ಗುಡ್ಡದಲ್ಲೋ ಬನಶಂಕರಿ ಜಾತ್ರೆಯಲ್ಲೋ ಹಾಕಿಸಿಕೊಂಡು, ಹಸಿರು ನೀಲಿಗೆ ತಿರುಗಿ ಅಕ್ಷರವೆಲ್ಲ ಕಲಸಿಹೋದ ಹೆಸರುಗಳು ನಮ್ಮ ಹತ್ತಿರ ಬರುತ್ತಲೇ ಇರುತ್ತವೆ. ನೋಡಿದ ಕೂಡಲೇ ನಾವೆಲ್ಲ ಹೇಳುವುದು ಒಂದೇ: ಮೇಲೊಂದು ಗುಲಾಬಿ ಹಾಕಿ ಮುಚ್ಚಿಬಿಡೋಣ. ಗುಲಾಬಿ ಬೇಡ ಅಂದರೆ ನವಿಲುಗರಿ. ಮುಚ್ಚುವುದು ಬೇಡ, ಅದೇ ಹೆಸರನ್ನು ಮತ್ತೆ ಓದಲು ಬರುವಂತೆ ಮಾಡಬಹುದು, ಅದರಿಂದಲೇ ಅಂಗಡಿ ಬಾಡಿಗೆ ಹುಟ್ಟಿಸಬಹುದು ಎಂದು ನಾನು ಹೇಳಿದಾಗ ಹುಬ್ಬಳ್ಳಿಯಲ್ಲಿ ನಕ್ಕವರೇ ಹೆಚ್ಚು. ಈಗ ನನ್ನ ತಿಂಗಳ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ನಕ್ಕವರಲ್ಲಿ ಒಂದಿಬ್ಬರು ಇಂಥ ಗಿರಾಕಿ ಬಂದರೆ ನನ್ನ ನಂಬರ್ ಕೊಟ್ಟು ಕಳಿಸುತ್ತಾರೆ.

ನಾನು ಓದಿದ್ದು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಡಿಎಂಎಲ್‌ಟಿ. ಎಂಟೊಂಬತ್ತು ವರ್ಷ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ತೆಗೆದೆ. ಬಿಡುವಾಗ ಸಂಬಳ 16 ಸಾವಿರದ ಆಸುಪಾಸು. ಕೆಲಸ ಕೆಟ್ಟದ್ದೇನಲ್ಲ. ಆದರೆ ಟ್ಯೂಬಿಗೆ ಲೇಬಲ್ ಅಂಟಿಸಿದ ಮೇಲೆ ಆ ಮನುಷ್ಯ ಏನಾದ ಎಂಬುದು ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕೈಯಿಂದ ಆದದ್ದು ಏನೂ ಉಳಿಯುತ್ತಿರಲಿಲ್ಲ. ಮದುವೆ ಸೀಸನ್ನಿನಲ್ಲಿ ಮೆಹಂದಿ ಹಾಕಲು ಹೋಗುತ್ತಿದ್ದೆ, ಅದೂ ಹದಿನೈದು ದಿನಕ್ಕೆ ಅಳಿಸಿಹೋಗುತ್ತಿತ್ತು. ಟ್ಯಾಟೂ ಕಲಿಯುತ್ತೇನೆ ಎಂದಾಗ ನಮ್ಮ ಭಾವ ಮನೆಮಂದಿಯ ಎದುರಿಗೇ, "ದವಾಖಾನಿ ನೌಕ್ರಿ ಬಿಟ್ಟು ಜಾತ್ರ್ಯಾಗ ಹಚ್ಚಿ ಹಾಕಾಕ ಕುಂದ್ರತೀಯೇನು?" ಎಂದ. ಭಾವನ ಮಾತಿಗೆ ಅವ್ವ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ, ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡೆ. ಎರಡು ವರ್ಷದ ಹತ್ತಿರ ರಾತ್ರಿ ಲ್ಯಾಬು, ಹಗಲು ಮಶೀನು. ನೌಕರಿ ಬಿಟ್ಟು ಇದಕ್ಕೆ ಇಳಿಯಬೇಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಸಂಬಳ ಇರುವಾಗಲೇ ಕೆಟ್ಟ ಗೆರೆಗಳನ್ನೆಲ್ಲ ಎಳೆದು ಮುಗಿಸಿ.

ದುಡ್ಡಿನ ವಿಷಯ. ಬೆಂಗಳೂರಿನ ಒಂದು ಕಡೆ ಹದಿನೈದು ದಿನದ ಕೋರ್ಸಿಗೆ 45 ಸಾವಿರ ಕಟ್ಟಿದೆ. ಸಿಲಿಕೋನ್ ಶೀಟಿನ ಮೇಲೆ ಇಂಗ್ಲಿಷ್ ಅಕ್ಷರ ಮತ್ತು ಗುಲಾಬಿ ಕಲಿಸಿ, ಫ್ರೇಮು ಹಾಕಿದ ಸರ್ಟಿಫಿಕೇಟು ಕೊಟ್ಟು ಕಳಿಸಿದರು. ಜೀವಂತ ಚರ್ಮಕ್ಕೆ ಸೂಜಿ ತಾಗಿಸಿದ್ದು ಊರಿಗೆ ಬಂದ ಮೇಲೆಯೇ. ಆ ಕೋರ್ಸಿನ ಜೊತೆ ಬಂದ ಕಾಯಿಲ್ ಮಶೀನು ನಾಲ್ಕನೇ ತಿಂಗಳಿಗೆ ಬಿಸಿಯಾಗಿ ಕೈ ಸುಡತೊಡಗಿತು. ಆಮೇಲೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಒಂದು ರೋಟರಿ ಪೆನ್ನು (ಪೆನ್ನಿನ ಆಕಾರದ ಟ್ಯಾಟೂ ಮಶೀನು), ಪವರ್ ಸಪ್ಲೈ, ಸ್ಟೆನ್ಸಿಲ್ ತೆಗೆಯುವ ಥರ್ಮಲ್ ಪ್ರಿಂಟರ್ ತಂದೆ, ಎಲ್ಲ ಸೇರಿ 35 ಸಾವಿರ ಇರಬೇಕು. ದುರ್ಗದ ಬೈಲ್ ಹತ್ತಿರ ಬಳೆ ಅಂಗಡಿಯ ಮೇಲಿನ ಕೋಣೆಗೆ 6,500 ಬಾಡಿಗೆ. ಮೊದಲ ವರ್ಷ ಸಾಲದ ಕಂತು ಹೋದದ್ದು ಲ್ಯಾಬಿನ ಸಂಬಳದಿಂದಲೇ.

ಆ ವರ್ಷ ಎಲ್ಲರಂತೆ ನಾನೂ ಸಣ್ಣ ಇನ್ಫಿನಿಟಿ, ಹಕ್ಕಿ, ಬಾಣ, ಹೃದಯ ಹಾಕುತ್ತಿದ್ದೆ. 500 ಹೇಳಿದರೆ 300ಕ್ಕೆ ಇಳಿಸುತ್ತಿದ್ದರು. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡರು. ಅದರ ಮುಂದಿನ ತಿಂಗಳುಗಳಲ್ಲಿ ಊರಿನ ಎಲ್ಲ ಸ್ಟುಡಿಯೋಗಳಲ್ಲೂ ಅವರ ಮುಖಕ್ಕೆ ಸರದಿ. ಪೋರ್ಟ್ರೇಟ್ ನನ್ನ ಕೈಗೆ ಬಗ್ಗುವ ಕೆಲಸವಲ್ಲ ಎಂದು ಗೊತ್ತಿದ್ದರಿಂದ ಮುಖ ಹಾಕುವುದಿಲ್ಲ, ಹೆಸರು ಹಾಕುತ್ತೇನೆ ಅಂದೆ. ಮುಖಕ್ಕೆಂದು ಬಂದವರು ಎದ್ದು ಹೋದರು. ಪಕ್ಕದವರು ದಿನಕ್ಕೆ ಐದಾರು ಸಾವಿರ ಎಣಿಸುವಾಗ ನಾನು ಸ್ಟೂಲಿನ ಮೇಲೆ ಕೂತು ಅಕ್ಷರ ಬರೆದು ಅಭ್ಯಾಸ ಮಾಡುತ್ತಿದ್ದೆ. ಆಗ ಕೈಬಿಟ್ಟ ದುಡ್ಡು ಒಂದು ಲಕ್ಷದ ಮೇಲಿದ್ದೀತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮುಚ್ಚುವ ಕೆಲಸದಲ್ಲಿ ಬಿದ್ದ ಪೆಟ್ಟುಗಳು ಬೇರೆ. ಹಳೆ ಹಚ್ಚೆಯ ಮೇಲೆ ಚರ್ಮದ ಬಣ್ಣದ ಶಾಯಿ ಹಾಕಿ ಅಳಿಸಿದಂತೆ ಮಾಡಬಹುದು ಎಂದು ವಿಡಿಯೋದಲ್ಲಿ ತೋರಿಸುತ್ತಾರಲ್ಲ, ನಮ್ಮ ಕಂದು ಚರ್ಮದ ಮೇಲೆ ಅದು ಮೂರು ತಿಂಗಳಿಗೆ ಹಳದಿ ತೇಪೆಯಾಗಿ ಎದ್ದು ನಿಂತಿತು, ಕೆಳಗಿನ ಹಸಿರು ಹಾಗೇ ಇಣುಕುತ್ತಿತ್ತು. ಎರಡು ಕೈಗಳಲ್ಲಿ ಹಾಗಾದ ಮೇಲೆ ಆ ಬಾಟಲಿ ಎಸೆದೆ. ಗುಲಾಬಿಯೂ ಅಷ್ಟೇ. ಒಂದಿಂಚಿನ ಹೆಸರು ಮುಚ್ಚಲು ನಾಲ್ಕಿಂಚಿನ ಕಪ್ಪು ಗುಲಾಬಿ ಬೇಕು. ಐವತ್ತು ದಾಟಿದ ಹೆಣ್ಣುಮಗಳ ಮುಂಗೈಗೆ ಅದನ್ನು ಹಾಕಿದರೆ ಆಕೆ ಮನೆಗೆ ಹೋಗಿ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾಳೆ.

ಅಂಗನವಾಡಿಯಿಂದ ನಿವೃತ್ತರಾದ ಒಬ್ಬರು ಅಮ್ಮ ಬಂದಿದ್ದರು. ಸಣ್ಣವರಿದ್ದಾಗ ಹಾಕಿಸಿದ ತಾಯಿಯ ಹೆಸರು, ಪೂರ್ತಿ ಕಲಸಿತ್ತು. ನಾನು ನವಿಲುಗರಿಯ ಚಿತ್ರ ತೋರಿಸಿದೆ. ಅವರು ಪುಸ್ತಕ ಮುಚ್ಚಿ, "ಮುಚ್ಚಬ್ಯಾಡವಾ, ಓದಾಕ ಬರೂಹಂಗ ಮಾಡು" ಅಂದರು. ಆಗುವುದಿಲ್ಲ ಎಂದು ಕಳಿಸಿಬಿಡಬಹುದಿತ್ತು. ಆರು ತಿಂಗಳ ಟೈಮು ಕೇಳಿದೆ. ಕೊಟ್ಟರು. ನಂತರದ್ದೆಲ್ಲ ಆ ಆರು ತಿಂಗಳು ಎಳೆದೂ ಎಳೆದೂ ವರ್ಷ ದಾಟಿದ ಕತೆ.

ಮೊದಲು ನನ್ನದೇ ಎಡಗಾಲಿನ ಮೀನಖಂಡದ ಮೇಲೆ ಒಂದು ಪರೀಕ್ಷೆ ಇಟ್ಟೆ. "ಧ", "ಭ", "ಠ" ಈ ಮೂರನ್ನು ಬೇರೆ ಬೇರೆ ಅಳತೆಯಲ್ಲಿ, 3, 5, 7 ಸೂಜಿಗಳನ್ನು ದುಂಡಗೆ ಕಟ್ಟಿದ ರೌಂಡ್ ಲೈನರಿನಲ್ಲಿ ಸಾಲಾಗಿ ಹಾಕಿಕೊಂಡೆ. ಹಸಿ ಗಾಯದ ಫೋಟೋ ನಂಬಬೇಡಿ. ಹಾಕಿದ ದಿನ ಎಲ್ಲವೂ ಮುತ್ತಿನಂತೆ ಇರುತ್ತವೆ. ವರ್ಷ ಕಳೆದ ಮೇಲೆ ನೋಡಿದರೆ 8 ಮಿ.ಮೀ. ಎತ್ತರದ "ಧ"ದ ಸೀಳು ಮುಚ್ಚಿ "ದ" ಆಗಿತ್ತು, "ಭ" ಹೋಗಿ "ಬ" ಆಗಿತ್ತು, "ಠ"ದ ಒಳಗಿನ ಚುಕ್ಕೆ ಸುತ್ತಿನ ಗೆರೆಗೆ ಕೂಡಿಕೊಂಡು ಅದೊಂದು ಕಪ್ಪು ಬೊಟ್ಟಾಗಿತ್ತು. ವಿಠ್ಠಲನ ಹೆಸರು ಹಾಕಿಸುವವರು ನಮ್ಮ ಕಡೆ ಎಷ್ಟಿದ್ದಾರೆ ಎಂದು ನಿಮಗೆ ಗೊತ್ತೇ ಇದೆ. ನನ್ನ ಲೆಕ್ಕಕ್ಕೆ 12 ಮಿ.ಮೀ.ಗಿಂತ ಸಣ್ಣ ಕನ್ನಡ ಅಕ್ಷರ, ಅದರಲ್ಲೂ ಒತ್ತಕ್ಷರ ಇದ್ದರೆ, ಹಾಕಬಾರದು. ಇನ್ನೊಂದು ವಿಷಯ ಅನೇಕರು ಒಪ್ಪುವುದಿಲ್ಲ: ಸಣ್ಣ ಕೆಲಸಕ್ಕೆ 3 ಒಳ್ಳೆಯದು ಅನ್ನುತ್ತಾರೆ, ನನ್ನ ಕಾಲಿನ ಮೇಲೆ 3ರ ಗೆರೆಯೇ ಹೆಚ್ಚು ಹರಡಿದೆ. ತೆಳು ಸೂಜಿ ಗೊತ್ತಾಗದಂತೆ ಆಳಕ್ಕೆ ಇಳಿಯುತ್ತದೆ. 5 ಅಥವಾ 7 ಹಿಡಿದರೆ ಕೈಗೆ ಚರ್ಮದ ತಡೆ ತಿಳಿಯುತ್ತದೆ. ರಕ್ತನಾಳ ಹುಡುಕಿ ಹುಡುಕಿ ಪಳಗಿದ ಬೆರಳುಗಳಿಗೆ ಈ ತಡೆ ಬೇಗ ಅರ್ಥವಾಯಿತು. ಲ್ಯಾಬಿನ ವರ್ಷಗಳು ದಂಡವಾದವು ಎಂದು ಯಾರಾದರೂ ಅಂದರೆ ಈ ಒಂದು ಮಾತು ಹೇಳುತ್ತೇನೆ.

ಈಗ ತಿದ್ದುವ ಕ್ರಮ. ಹಳೆ ಹಚ್ಚೆಯ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ನಿಜ ಅಳತೆಗೆ ಪ್ರಿಂಟ್ ಹಾಕುತ್ತೇನೆ. ಟ್ರೇಸಿಂಗ್ ಪೇಪರಿನ ಮೇಲೆ ಕೆಂಪು ಪೆನ್ನಿನಲ್ಲಿ ಹರಡಿದ ಅಂಚು, ನೀಲಿಯಲ್ಲಿ ಮೂಲ ಸೂಜಿ ಓಡಿದ ದಾರಿ. ಚರ್ಮವನ್ನು ಚೆನ್ನಾಗಿ ಎಳೆದು ಹಿಡಿದರೆ ಮೂಲದ ಗೆರೆ ನಡುವೆ ಸ್ವಲ್ಪ ಗಾಢವಾಗಿ ಕಾಣುತ್ತದೆ. ಆಮೇಲೆ ಹೊಸ ಅಕ್ಷರವನ್ನು ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ, ದಪ್ಪ ಗೆರೆಯಲ್ಲಿ ಕೈಯಿಂದಲೇ ಬರೆಯುತ್ತೇನೆ. ಹರಡಿದ ಶಾಯಿಯೆಲ್ಲ ಹೊಸ ಗೆರೆಯ ದಪ್ಪದ ಒಳಗೆ ಬೀಳಬೇಕು, ಸೀಳು ಮತ್ತು ಅಕ್ಷರದ ಒಳಗಿನ ಪೊಳ್ಳು ಮಾತ್ರ ಸ್ವಚ್ಛ ಚರ್ಮದ ಮೇಲೆ ಬೀಳಬೇಕು. ಅದಕ್ಕಾಗಿ ತಲೆಕಟ್ಟನ್ನು ಮೇಲಕ್ಕೆ ಎತ್ತುತ್ತೇನೆ, ಮಹಾಪ್ರಾಣದ ಸೀಳನ್ನು ಕೆಳಕ್ಕೆ ಜಗ್ಗುತ್ತೇನೆ, ಒತ್ತನ್ನು ಬಲಕ್ಕೆ ಸರಿಸುತ್ತೇನೆ. ನುಡಿ ಫಾಂಟಿನಿಂದ ನೇರ ಸ್ಟೆನ್ಸಿಲ್ ತೆಗೆಯುವವರ ಕೈಯಲ್ಲಿ ಇದು ಆಗುವ ಕೆಲಸವಲ್ಲ. ಆ ಅಕ್ಷರಗಳು ಕಾಗದಕ್ಕಾಗಿ ಮಾಡಿದವು, ಕಾಗದ ಮುದಿಯಾಗುವುದಿಲ್ಲ.

ಸೂಜಿ ಓಡಿಸುವಾಗ ಹಳೆ ಗೆರೆಯ ಮೇಲೇ ಹೋಗುವುದಿಲ್ಲ. ಜಾತ್ರೆ ಮಶೀನು ಆಳಕ್ಕೆ ಹೋಗಿ ಅಲ್ಲಿ ಚರ್ಮ ಉಬ್ಬಿ ಗಟ್ಟಿಯಾಗಿರುತ್ತದೆ, ಶಾಯಿ ಹಿಡಿಯುವುದಿಲ್ಲ. ಹೊರ ಅಂಚು 7ರ ಲೈನರಿನಲ್ಲಿ, ಒಳಗೆ ಕರ್ವ್ಡ್ ಮ್ಯಾಗ್ನಮ್, ಅಂದರೆ ತುಂಬುವ ಅಗಲದ ಸೂಜಿ. ವೋಲ್ಟೇಜು ನನ್ನ ಪೆನ್ನಿಗೆ ಆರೂವರೆ ಏಳರ ಮಧ್ಯೆ, ನಿಮ್ಮದಕ್ಕೆ ನೀವೇ ನೋಡಿಕೊಳ್ಳಿ. ಎಷ್ಟೇ ಮಾಡಿದರೂ ಹೊರಗೆ ಉಳಿಯುವ ಹಸಿರು ನೆರಳಿಗೆ ತೆಳು ಬೂದು ಶಾಯಿಯ ಚುಕ್ಕೆ ಇಡುತ್ತೇನೆ. ಆ ಬೂದನ್ನು ಎಷ್ಟಕ್ಕೆ ಎಷ್ಟು ಬೆರೆಸುತ್ತೇನೆ, ಯಾವ ಕ್ರಮದಲ್ಲಿ ಇಡುತ್ತೇನೆ ಎಂದು ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಮಣಿಕಟ್ಟಿನ ಹತ್ತಿರ ಪೆನ್ನು ಹಿಡಿಯುವ ಕೋನವೂ ಅಷ್ಟೇ.

ಪೊಳ್ಳೆಲ್ಲ ತುಂಬಿಹೋಗಿದ್ದರೆ ಜಾಗ ಸರಿಸಿದರೂ ಪ್ರಯೋಜನವಿಲ್ಲ. ಅಂಥವರನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ, ಎನ್‌ಡಿ ಯಾಗ್ ಎಂಬ, ಹಚ್ಚೆ ಶಾಯಿ ಒಡೆಯುವ ಲೇಸರಿನ 1064 ನ್ಯಾನೋಮೀಟರ್ ತರಂಗದಲ್ಲಿ ಒಂದೆರಡು ಸಿಟ್ಟಿಂಗು. ಪೂರ್ತಿ ತೆಗೆಯುವುದು ಬೇಡ, ತಿಳಿಯಾದರೆ ಸಾಕು. ಎರಡು ತಿಂಗಳು ಬಿಟ್ಟು ನಾನು ಕೈ ಹಾಕುತ್ತೇನೆ. ಅಂಗನವಾಡಿ ಅಮ್ಮನಿಗೂ ಹೀಗೇ ಮಾಡಿದ್ದು. ಒಂದು ವರ್ಷ ಆದಮೇಲೆ ಬಂದು ಕೈ ತೋರಿಸಿದರು. ಕಿಟಕಿ ಹತ್ತಿರ ನಿಂತು ಅಷ್ಟು ದೂರದಿಂದ ಓದಿದೆ, ಓದಲು ಬಂತು. ಲ್ಯಾಬಿನಲ್ಲಿ ಅಷ್ಟು ವರ್ಷ ನನಗೆ ಇಲ್ಲದಿದ್ದುದು ಏನು ಎಂದು ಅವತ್ತು ಗೊತ್ತಾಯಿತು: ಮಾಡಿದ್ದನ್ನು ಮತ್ತೊಮ್ಮೆ ನೋಡುವ ಅವಕಾಶ.

ಈ ನಡುವೆ ಒಂದು ಹುಚ್ಚೂ ಹಿಡಿದಿತ್ತು. ಹಿಂದೆ ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ಒಬ್ಬ ಅಜ್ಜಿ ದೀಪದ ಕಾಡಿಗೆಗೆ ಸೊಪ್ಪಿನ ರಸ ಸೇರಿಸಿ ಮಾಡುತ್ತಿದ್ದ ಕಪ್ಪಿನ ಬಗ್ಗೆ ಹೇಳಿದ್ದರು. ಹರಳೆಣ್ಣೆ ದೀಪಕ್ಕೆ ಹಿತ್ತಾಳೆ ತಟ್ಟೆ ಮುಚ್ಚಿ ಮಸಿ ಕೂಡಿಸಿ, ಬಾಳೆಹಣ್ಣಿನ ಸಿಪ್ಪೆ ಮತ್ತು ಸೋರೆಕಾಯಿಯ ಮೇಲೆ ಹಾಕಿ ನೋಡಿದೆ. ಮನುಷ್ಯರ ಮೇಲಲ್ಲ, ಅಷ್ಟು ಬುದ್ಧಿ ಇದೆ. ಮಸಿ ನೀರಿನಲ್ಲಿ ಬೆರೆಯುವುದೇ ಇಲ್ಲ, ಮೇಲೆ ತೇಲುತ್ತದೆ. ಗ್ಲಿಸರಿನ್ ಹಾಕಿದರೆ ಬೆರೆಯುತ್ತದೆ, ಆದರೆ ಸೂಜಿ ಕೂರುವ ಕಾರ್ಟ್ರಿಜ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಅಜ್ಜಿಯ ಕೈಸೂಜಿಯಲ್ಲಿ ನಡೆಯುತ್ತಿದ್ದುದು ನನ್ನ ಪೆನ್ನಿನಲ್ಲಿ ನಡೆಯಲಿಲ್ಲ. ಹಾಳಾದ ಕಾರ್ಟ್ರಿಜ್‌ಗಳದ್ದೇ ಎರಡು ಸಾವಿರ. ಸೋರೆಕಾಯಿ ಮಾತ್ರ ಗೆರೆ ಅಭ್ಯಾಸಕ್ಕೆ ಸಿಲಿಕೋನಿಗಿಂತ ಎಷ್ಟೋ ವಾಸಿ, ಗುಂಡಗಿರುವುದರಿಂದ ಮುಂಗೈಯ ತಿರುವು ಸಿಗುತ್ತದೆ.

ಆರೈಕೆ ವಿಷಯದಲ್ಲಿ ಬೆಂಗಳೂರಿನ ಪಾಠ ಇಲ್ಲಿ ನಡೆಯುವುದಿಲ್ಲ. ಗಾಯದ ಮೇಲೆ ಅಂಟಿಸುವ ಸೆಕೆಂಡ್ ಸ್ಕಿನ್ ಫಿಲ್ಮು ಏಪ್ರಿಲ್, ಮೇ ಬಿಸಿಲಿನ ಬೆವರಿಗೆ ಎರಡನೇ ದಿನ ಕಿತ್ತು ಬರುತ್ತದೆ. ನನ್ನ ಗಿರಾಕಿಗಳು ಮನೆಗೆ ಹೋದ ಕೂಡಲೇ ಪಾತ್ರೆ ತೊಳೆಯಬೇಕು, ಸೆಗಣಿ ಬಳಿಯಬೇಕು, ಹಾಲು ಹಿಂಡಬೇಕು. ಅತ್ತೆ ಅರಿಶಿನ ಹಚ್ಚುತ್ತಾರೆ. ಅದಕ್ಕೇ ತಾರೀಕು ಕೊಡುವಾಗಲೇ ಕೇಳುತ್ತೇನೆ: ಒಂದು ವಾರ ಈ ಕೆಲಸ ಯಾರು ಮಾಡುತ್ತಾರೆ? ಉತ್ತರ ಇಲ್ಲದಿದ್ದರೆ ತಾರೀಕೂ ಇಲ್ಲ. ಮರಗಟ್ಟಿಸುವ ಕ್ರೀಮು ಬಳಸುವುದನ್ನು ಬಿಟ್ಟಿದ್ದೇನೆ, ಚರ್ಮ ರಬ್ಬರಿನಂತಾಗಿ ಆಳ ತಿಳಿಯುವುದಿಲ್ಲ. ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಹನ್ನೊಂದರಿಂದ ಮೂರು, ಆ ಹೊತ್ತಿಗೆ ಗಂಡಸರಿಗೆ ಬಾಗಿಲು ಮುಚ್ಚಿರುತ್ತದೆ. ಇದರಿಂದ ಗಿರಾಕಿ ಕಡಿಮೆಯಾಗುತ್ತಾರೆ ಎಂದರು, ಹೆಚ್ಚಾದರು.

2025ರ ಆರಂಭದಲ್ಲಿ ಟ್ಯಾಟೂ ಶಾಯಿಯಲ್ಲಿ 22 ಬಗೆಯ ಲೋಹ ಸಿಕ್ಕಿವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ ಸುದ್ದಿ ಬಂದಾಗ ನಮ್ಮವರಲ್ಲಿ ಹಲವರು ಸಿಟ್ಟಾದರು. ನನಗೆ ಅನುಕೂಲವೇ ಆಯಿತು. ಬಾಟಲಿ ತೋರಿಸಿ ಎನ್ನುವವರಿಗೆ ತೋರಿಸುತ್ತೇನೆ, ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ತೋರಿಸುತ್ತೇನೆ, ನನ್ನ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸಿನ ಕಾರ್ಡು ಗೋಡೆಗಿದೆ. ಅಗ್ಗದ ಶಾಯಿ ಮಾರುವವನು ಬಾಗಿಲಿಗೆ ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ.

ಸೈನ್ಯದ ಭರ್ತಿಗೆಂದು ಓಟದ ಅಭ್ಯಾಸ ಮಾಡುತ್ತಿರುವ ಹುಡುಗರಿಗೆ ನಾನು ಹಾಕುವುದಿಲ್ಲ. ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಇದ್ದರೆ ಭರ್ತಿಯಲ್ಲಿ ತೊಂದರೆ. ಹುಡುಗರಿಗೆ ತೋಳೇ ಬೇಕು. ಭರ್ತಿಗೆ ತಿಂಗಳಿರುವಾಗ ಅಳಿಸಿಕೊಡಿ ಎಂದು ಅಳುತ್ತ ಬಂದವರನ್ನು ನೋಡಿದ್ದೇನೆ.

ಈಗಿನ ದರ: ಹೊಸ ಕನ್ನಡ ಹೆಸರಿಗೆ 1,500ರಿಂದ ಮೇಲೆ, ತಿದ್ದುವುದಕ್ಕೆ 3,500ರಿಂದ 6,000, ಲೇಸರಿನ ದುಡ್ಡು ಬೇರೆ, ಅದು ಡಾಕ್ಟರಿಗೆ. ಇಂಚಿನ ಲೆಕ್ಕ ಬಿಟ್ಟಿದ್ದೇನೆ, ಅಕ್ಷರದ ಲೆಕ್ಕ. ಒತ್ತಕ್ಷರ ಇದ್ದರೆ ಹೆಚ್ಚು. ಖರ್ಚು ಕಳೆದು ಒಳ್ಳೆ ತಿಂಗಳು 40 ಸಾವಿರ ಉಳಿಯುತ್ತದೆ, ಮಳೆಗಾಲದಲ್ಲಿ ಇಪ್ಪತ್ತಕ್ಕೂ ಎಳೆದಾಟ. ಶಿವರಾತ್ರಿಗೆ ಸಿದ್ಧಾರೂಢರ ತೇರಿಗೆ ಬಂದವರು ಮಠದ ಸುತ್ತ ಹಾಕಿಸಿಕೊಂಡದ್ದು ಯುಗಾದಿ ಹೊತ್ತಿಗೆ ನನ್ನ ಹತ್ತಿರ ಬರುತ್ತದೆ, ಆಗ ಒಬ್ಬಳಿಂದ ಆಗುವುದಿಲ್ಲ. ಮೆಹಂದಿ ಚೆನ್ನಾಗಿ ಹಾಕುವ ಒಬ್ಬ ಹುಡುಗಿಯನ್ನು ಸೇರಿಸಿಕೊಂಡಿದ್ದೇನೆ, ಸದ್ಯಕ್ಕೆ ಸೋರೆಕಾಯಿ ಅವಳ ಪಾಲಿಗೆ. ಭಾವ ಹೋದ ತಿಂಗಳು ತಮ್ಮ ಆಫೀಸಿನ ಇಬ್ಬರನ್ನು ಕಳಿಸಿ, ಕಮಿಷನ್ ಎಷ್ಟು ಎಂದು ಕೇಳಿದರು. ಜಾತ್ರೆಯವರು ಕಮಿಷನ್ ಕೊಡುವುದಿಲ್ಲ ಭಾವ ಅಂದೆ.