ಬ್ರ್ಯಾಂಡ್ ಅಲ್ಲ, ಲಾಟ್ ನೋಡಿ: ಮಲೆನಾಡ ಮಳೆಯಲ್ಲಿ ಮ್ಯಾಚ್ ಪೆಲೆಟ್ ಆರಿಸಿದ ಅನುಭವ

ಏರ್ ರೈಫಲ್ಲನ್ನು ಕ್ಲ್ಯಾಂಪಿಗೆ ಕಟ್ಟಿ ಒಂದೊಂದು ಡಬ್ಬಿಯಿಂದ 50 ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆದು ನೋಡೋದು ದುಡ್ಡು ಸುಟ್ಟ ಹಾಗೆ ಅಂದವರೇ ಈಗ ಫೋನ್ ಮಾಡಿ ಲಾಟ್ ನಂಬರ್, ಅಂದರೆ ಒಂದೇ ಸಲ ತಯಾರಾದ ಕಂತಿನ ನಂಬರ್, ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ರೈಫಲ್ ಸೆಕೆಂಡ್ ಹ್ಯಾಂಡ್, ಕಂಪ್ರೆಸ್ಡ್ ಏರ್, 4.5 ಮಿ.ಮೀ., ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. ಜಾಗ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಗೋದಾಮು. ಮಾಲು ಹೋದ ಮೇಲೆ ಖಾಲಿ ಇರುತ್ತದೆ, ಹತ್ತು ಮೀಟರ್ ಆರಾಮಾಗಿ ಸಿಗುತ್ತದೆ.

ಮೊದಲು ಒಂದು ಲೆಕ್ಕ. ಟಾರ್ಗೆಟ್ ಕಾರ್ಡಿನ ನಡುವೆ ಹತ್ತು ಅಂಕದ ಚುಕ್ಕೆ 0.5 ಮಿ.ಮೀ., ಪೆಲೆಟ್ 4.5. ಪೆಲೆಟ್ಟಿನ ಅಂಚು ಚುಕ್ಕೆಗೆ ತಾಗಿದರೆ ಹತ್ತು. ಅಂದರೆ ಗ್ರೂಪಿನ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪಿನ) ಹೊರ ಅಂಚಿನಿಂದ ಹೊರ ಅಂಚಿಗೆ 9.5 ಮಿ.ಮೀ. ಬಂದರೆ ಇಡೀ ಹತ್ತನ್ನು ಪೆಲೆಟ್ಟೇ ತಿಂದು ಹಾಕಿತು, ನಮ್ಮ ಕೈ ನಡುಗೋದಕ್ಕೆ ಏನೂ ಉಳಿಯಲಿಲ್ಲ. ನಾನು ಮೊದಲು ಬಳಸುತ್ತಿದ್ದ ದುಬಾರಿ ಡಬ್ಬಿ ಕ್ಲ್ಯಾಂಪಿನಲ್ಲೇ 8ರ ಹತ್ತಿರ ಕೊಡುತ್ತಿತ್ತು.

ಐದು ಹೊಡೆತದ ಗ್ರೂಪ್ ನಂಬಿ ಸುಮಾರು ಎರಡು ತಿಂಗಳು ಹಾಳಾಯಿತು. ಒಂದೇ ಡಬ್ಬಿ, ಒಂದೇ ಸಂಜೆ: ಮೊದಲ ಗ್ರೂಪ್ 6.1, ಮುಂದಿನದು 8.8. ಮೊದಲನೆಯದನ್ನು ನೋಡಿ ಅದೇ ಪೆಲೆಟ್ ಮೂರು ಡಬ್ಬಿ ತರಿಸಿಬಿಟ್ಟಿದ್ದೆ. ಈಗ ಒಂದೊಂದು ಲಾಟಿಗೆ ಹತ್ತು ಹೊಡೆತದ ಐದು ಗ್ರೂಪ್, ಸರಾಸರಿ ಮಾತ್ರ ಲೆಕ್ಕಕ್ಕೆ. ಚೆಂದದ ಒಂದು ಗ್ರೂಪನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ತೋರಿಸುವವರ ಮಾತು ಕೇಳಬೇಡಿ.

ಕ್ಲ್ಯಾಂಪ್ ಮೊದಲು ಹಲಸಿನ ಹಲಗೆ ಮೇಲೆ ಕೂರಿಸಿದ್ದೆ. ಆಷಾಢದಲ್ಲಿ ಹಲಗೆ ಉಬ್ಬಿ ಗ್ರೂಪೆಲ್ಲ ಓರೆಯಾಗಿ ಎಳೆದುಕೊಂಡು ಹೋಯಿತು, ತಪ್ಪು ಪೆಲೆಟ್ಟಿನದ್ದು ಅಂದುಕೊಂಡೆ. ಆಮೇಲೆ ಹಾಸುಗಲ್ಲಿಗೆ ಬೋಲ್ಟ್ ಹೊಡೆಸಿ ಕಬ್ಬಿಣದ ಆಂಗಲ್ ಹಾಕಿಸಿದೆ, ವೆಲ್ಡಿಂಗ್ ಸೇರಿ ಸಾವಿರದ ನಾನ್ನೂರೋ ಏನೋ ಆಯಿತು. ಹಿಡಿಯಬೇಕಾದ್ದು ಆಕ್ಷನ್ನನ್ನು, ಅಂದರೆ ಪೆಲೆಟ್ ತುಂಬಿ ಹೊಡೆಯುವ ಲೋಹದ ಭಾಗವನ್ನು. ಮರದ ಹಿಡಿ ಬೇಡ, ಬ್ಯಾರೆಲ್ಲಿಗಂತೂ ಏನೂ ತಾಗಬಾರದು. ನಡುವೆ ಸ್ಕೂಟರ್ ಟ್ಯೂಬಿನ ತುಂಡು. ಕಟ್ಟಿದ ಮೇಲಿನ ಮೊದಲ ಮೂರು ಹೊಡೆತ ಲೆಕ್ಕಕ್ಕಿಲ್ಲ. ಬ್ಯಾರೆಲ್ ಕ್ಲೀನ್ ಮಾಡಿದ್ದರೆ ಮೊದಲ 30 ಹೊಡೆತ ಬಿಡಿ, ಸೀಸ ಮತ್ತೆ ಹಿಡಿದುಕೊಳ್ಳುವ ತನಕ ಅದು ಎತ್ತೆತ್ತಲೋ ಹೊಡೆಯುತ್ತದೆ. ಮಳೆಗಾಲದಲ್ಲಿ ಕಾರ್ಡ್ ಮೆತ್ತಗಾಗಿ ತೂತಿನ ಅಂಚು ಹರಿಯುತ್ತದೆ, ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದರೆ ಅರ್ಧ ಮಿ.ಮೀ. ಸುಳ್ಳು ಹೇಳುತ್ತದೆ. ಕಾರ್ಡಿನ ಹಿಂದೆ ಟೇಪ್ ಅಂಟಿಸಿ.

ತೂಕದ ವಿಷಯಕ್ಕೆ ಬರೋಣ. 0.001 ಗ್ರಾಂ ತೋರಿಸುವ ತಕ್ಕಡಿ ಸುಮಾರು 1,800 ರೂಪಾಯಿ ಕೊಟ್ಟು ತಂದು, ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಎರಡು ಡಬ್ಬಿ ಪೂರ್ತಿ ತೂಗಿದೆ. ದಂಡ. 0.53 ಗ್ರಾಂ ಪೆಲೆಟ್ಟಿನಲ್ಲಿ 5 ಮಿ.ಗ್ರಾಂ. ಹೆಚ್ಚುಕಡಿಮೆಯಾದರೆ ವೇಗ ಅರ್ಧ ಪರ್ಸೆಂಟ್ ಬದಲಾಗುತ್ತದೆ. ಹತ್ತು ಮೀಟರಿನಲ್ಲಿ ಪೆಲೆಟ್ ಒಟ್ಟು ಬೀಳುವುದೇ 18 ಮಿ.ಮೀ. ಚಿಲ್ಲರೆ, ಹಾಗಾಗಿ ವ್ಯತ್ಯಾಸ 0.2 ಮಿ.ಮೀ. ಕೂಡ ಮುಟ್ಟುವುದಿಲ್ಲ. ತೂಗಿದ್ದಕ್ಕೆ ಸಿಕ್ಕ ಲಾಭ ಇಷ್ಟೇ: ಡಬ್ಬಿಗೆ ಹತ್ತು ಹನ್ನೆರಡು ಪೆಲೆಟ್ ಎದ್ದು ಕಾಣುವಷ್ಟು ಹಗುರ ಇದ್ದವು, ತೆಗೆದೆಸೆದೆ. ಅದಕ್ಕಿಂತ ಮುಖ್ಯ ಸ್ಕರ್ಟ್, ಅಂದರೆ ಪೆಲೆಟ್ಟಿನ ಹಿಂಬದಿಯ ತೆಳು ಅಂಚು. ಕೊರಿಯರಿನಲ್ಲಿ, ಘಾಟಿ ರಸ್ತೆಯಲ್ಲಿ ಕುಲುಕಿ ನಗ್ಗಿದ ಪೆಲೆಟ್ ಕಣ್ಣಿಗೇ ಕಾಣುತ್ತದೆ. ಡಬ್ಬಿಯೊಳಗೆ ಸ್ಪಂಜ್ ಇಲ್ಲದಿದ್ದರೆ ತರಿಸಲೇಬೇಡಿ. ಗಾಜಿನ ಮೇಲೆ ಉರುಳಿಸಿ ವಿಂಗಡಿಸುವ ಆಟವನ್ನೂ ಎರಡು ಸಂಜೆ ಆಡಿದೆ. ಅಗ್ಗದ ಪ್ರಾಕ್ಟೀಸ್ ಪೆಲೆಟ್ಟಿಗೆ ಪ್ರಯೋಜನ ಉಂಟು, ಮ್ಯಾಚ್ ಪೆಲೆಟ್ಟಿಗೆ ಕಾಣಲಿಲ್ಲ.

ನಿಜವಾದ ಕಳ್ಳ ಸಿಕ್ಕಿದ್ದು ವೇಗ ಅಳೆಯುವ ಕ್ರೋನೋಗ್ರಾಫ್ ತಂದ ಮೇಲೆ. ಹತ್ತು ಹೊಡೆತದಲ್ಲಿ ವೇಗ ಸೆಕೆಂಡಿಗೆ 6 ಮೀಟರ್ ಏರುಪೇರು, ಅಂದರೆ ಮೇಲೆ ಕೆಳಗೆ 1.2 ಮಿ.ಮೀ.ಗೂ ಜಾಸ್ತಿ. ಜುಲೈನಲ್ಲಿ ರೈಫಲ್ಲಿನ ಸಿಲಿಂಡರಿಗೆ ಹ್ಯಾಂಡ್ ಪಂಪಿನಿಂದ ಗಾಳಿ ತುಂಬಿದ್ದೆ. ನಮ್ಮ ಕಡೆಯ ಮಳೆಗಾಲದ ಗಾಳಿಯನ್ನು 200 ಬಾರ್‌ಗೆ ಒತ್ತಿದರೆ ನೀರು ಬಿಡದೆ ಇರುತ್ತದೆಯೇ? ಗಾಳಿಯ ಒತ್ತಡ ಸಮ ಇಡುವ ರೆಗ್ಯುಲೇಟರ್ ಬಿಚ್ಚಿಸಿದರೆ ಒಳಗಿನ ವಾಷರುಗಳಿಗೆ ತುಕ್ಕು. ರಿಪೇರಿ, ಕೊರಿಯರ್ ಸೇರಿ ನಾಲ್ಕೂವರೆ ಸಾವಿರ. ಈಗ ಪಂಪಿನ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಫಿಲ್ಟರ್. 40 ಸಲ ಒತ್ತಿ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಬಿಟ್ಟು ಹನಿ ಹೊರಗೆ ಹಾಕಿ, ಪಂಪ್ ತಣ್ಣಗಾದ ಮೇಲೆ ಮತ್ತೆ 40. ಏರುಪೇರು 2 ಮೀಟರಿಗೆ ಇಳಿಯಿತು. ಸುಲಭ ಅಂತ ವೆಲ್ಡಿಂಗ್ ಶಾಪಿನ ಆಕ್ಸಿಜನ್ ತುಂಬಿಸಲು ಹೋಗಬೇಡಿ. ಒಳಗಿನ ಗ್ರೀಸಿಗೆ ಬೆಂಕಿ ಹತ್ತಿ ಸಿಲಿಂಡರ್ ಸಿಡಿಯುತ್ತದೆ.

ಇನ್ನೊಂದು ಪೆದ್ದುತನ: ತೇವ ಹಿಡಿಯದಿರಲಿ ಅಂತ ಡಬ್ಬಿಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟದ್ದು. ಮೂರು ವಾರಕ್ಕೆ ಪೆಲೆಟ್ಟಿನ ಮೇಲೆ ಬಿಳಿ ಹುಡಿ. ಕಟ್ಟಿಗೆ ಹೊಗೆಯಲ್ಲಿ, ಹಸಿ ಮರದ ಕಪಾಟಿನಲ್ಲಿ ಕೂಡ, ಹುಳಿ ಆವಿ ಇರುತ್ತದೆ. ಸೀಸಕ್ಕೆ ಅದು ಆಗಿಬರುವುದಿಲ್ಲ. ಆ ಹುಡಿ ವಿಷ. ಬಾಯಿಂದ ಊದಬೇಡಿ, ಡಬ್ಬಿ ಸಮೇತ ಬಿಸಾಕಿ, ಕೈ ಸೋಪು ಹಾಕಿ ತೊಳೆಯಿರಿ. ಸೋಪು ನೀರಿನಲ್ಲಿ ತೊಳೆದು ಒಣಗಿಸಿದ ಪೆಲೆಟ್ಟೂ ಹತ್ತು ದಿನಕ್ಕೆ ಮಂಕಾಯಿತು, ಮೇಲಿನ ಎಣ್ಣೆ ಪಸೆ ಹೋಗಿತ್ತಲ್ಲ. ಈಗ ತೊಳೆದರೆ ಒಂದು ಹನಿ ಎಣ್ಣೆ ಸೋಕಿಸುತ್ತೇನೆ. ಯಾವ ಎಣ್ಣೆ, ಎಷ್ಟು ಪೆಲೆಟ್ಟಿಗೆ ಒಂದು ಹನಿ ಅನ್ನೋದು ನನ್ನಲ್ಲೇ ಇರಲಿ. ಇಡುವುದು ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ.

ಇಷ್ಟೆಲ್ಲ ಸರಿಮಾಡಿದ ಮೇಲೆ ಏಳು ಲಾಟ್ ಹೊಡೆದೆ. ಡಬ್ಬಿಗೆ ಸರಾಸರಿ 1,300 ಹಿಡಿದರೆ ಒಂಬತ್ತು ಸಾವಿರ, ತಕ್ಕಡಿ, ಕ್ರೋನೋಗ್ರಾಫ್ ಸೇರಿ ಹದಿನಾರರ ಹತ್ತಿರ. ಹಳೇ ದುಬಾರಿ ಡಬ್ಬಿ, ಒಣ ಗಾಳಿಯಲ್ಲೂ, 7.6. ಅದೇ ಕಂಪನಿ, ಅದೇ 4.50 ಮಿ.ಮೀ. ಹೆಡ್ (ಪೆಲೆಟ್ಟಿನ ತಲೆಯ ಅಳತೆ), ಲಾಟ್ ಮಾತ್ರ ಬೇರೆ: 6.7. 4.49ರದ್ದು 7.2. ಗೆದ್ದದ್ದು ಬೆಲೆಯಲ್ಲಿ ಕೆಳಗಿನಿಂದ ಎರಡನೆಯದು, 6.2. ಅದನ್ನು ಜನವರಿಯ ಒಣ ಹವೆಯಲ್ಲಿ ಇನ್ನೊಮ್ಮೆ ಹೊಡೆದೆ, 6.3 ಬಂತು. ಆ ದಿನವೇ ಅದೇ ಲಾಟಿನ ಹತ್ತು ಡಬ್ಬಿ ಆರ್ಡರ್ ಮಾಡಿದೆ. ಬಂದದ್ದರಲ್ಲಿ ಎರಡರ ಸ್ಟಿಕರಿನಲ್ಲಿ ಬೇರೆ ಲಾಟ್ ಇತ್ತು, ಜಗಳ ಮಾಡಿ ವಾಪಸ್ ಕಳಿಸಿದೆ. ನಾಲ್ಕು ಡಬ್ಬಿ ಉಳಿದಿವೆ.

ಫೋನ್ ಮಾಡುವವರಿಗೆ ಲಾಟ್ ನಂಬರ್ ಹೇಳುತ್ತಿಲ್ಲ. ಜಿಪುಣತನ ಅಂದುಕೊಂಡರೂ ಸರಿಯೇ, ಅದೇ ಡಬ್ಬಿ ಇದೇ ಮಾದರಿಯ ಇನ್ನೊಂದು ರೈಫಲ್ಲಿನಲ್ಲಿ 8.1 ಕೊಟ್ಟಿತು.