ಎಂಜಿಬಿ, ಎಂಎಕ್ಸ್-5: ಬೇರೆ ಬೇರೆ ಕಾಲದ ಎರಡು ಹಳೇ ಕಾರು ಹೋಲಿಸುವುದು ಹೇಗೆ?

ಹಳೇ ಕಾರು ಹೋಲಿಸುವಾಗ ಎಲ್ಲರೂ ಮೊದಲು ಹಾರ್ಸ್‌ಪವರ್ ಕೇಳುತ್ತಾರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದೇ ಉದ್ದೇಶಕ್ಕೆ ಮಾಡಿದ ಕಾರುಗಳನ್ನು ಎದುರುಬದುರು ನಿಲ್ಲಿಸಿ, ಆಗಲೇ ಹೋಲಿಕೆಗೆ ಅರ್ಥ. 1962ರಲ್ಲಿ ಬಂದ ಬ್ರಿಟನ್ನಿನ ಎಂಜಿಬಿ ಮತ್ತು 1989ರಲ್ಲಿ ಬಂದ ಜಪಾನಿನ ಮಜ್ದಾ ಎಂಎಕ್ಸ್-5 ಎಂಬ ಸ್ಪೋರ್ಟ್ಸ್ ಕಾರುಗಳನ್ನು ತಗೊಳ್ಳೋಣ. ಎರಡಕ್ಕೂ ಎರಡೇ ಸೀಟು, ಮಡಚುವ ಟಾಪು, ಮುಂದೆ ಎಂಜಿನ್, ಎಳೆಯುವುದು ಹಿಂದಿನ ಚಕ್ರ. ತೂಕವೂ ಹೆಚ್ಚುಕಡಿಮೆ ಒಂದೇ.

ಮೊದಲು ತುಕ್ಕು ನೋಡಿ. ಎಂಜಿನ್ ರಿಪೇರಿ ಆಗುತ್ತದೆ, ಕೊಳೆತ ಬಾಡಿ ಸರಿಮಾಡುವುದು ದೊಡ್ಡ ಕಷ್ಟ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಲೋಹದ ಪಟ್ಟಿಗಳೇ, ಅಂದರೆ ಸಿಲ್‌ಗಳೇ, ಅದರ ಬೆನ್ನುಮೂಳೆ. ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ. ಬಾಗಿಲು ಮುಚ್ಚಿ ಸುತ್ತಲ ಸಂದಿ ಎಷ್ಟಿದೆ ನೋಡಿಕೊಳ್ಳಿ, ಆಮೇಲೆ ಆ ಬದಿಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ ಮತ್ತೆ ನೋಡಿ. ಸಂದಿ ಕಿರಿದಾಗಿ ಬಾಗಿಲು ಬಿಗಿಯಾಯಿತು ಅಂದರೆ ಸಿಲ್ ಒಳಗೊಳಗೇ ತಿಂದುಹೋಗಿದೆ. ಎಂಎಕ್ಸ್-5 ಕೂಡ ಸಿಲ್‌ನಲ್ಲೇ ಕೊಳೆಯುತ್ತದೆ, ಆದರೆ ಕಾರಣ ಬೇರೆ. ಟಾಪಿನ ನೀರು ಇಳಿದುಹೋಗುವ ತೂತುಗಳು ಸೀಟಿನ ಹಿಂದೆ ಇವೆ, ಅಲ್ಲಿ ಕಸ ಕಟ್ಟಿಕೊಂಡರೆ ನೀರು ಒಳಗೇ ಉಳಿಯುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಪೇಂಟ್ ಉಬ್ಬಿದೆಯಾ, ಕಾರ್ಪೆಟ್ ಒದ್ದೆಯಿದೆಯಾ ಅಂತ ಕೈಯಿಟ್ಟೇ ನೋಡಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ನೀವು ಬರುವ ಮೊದಲು ಬಿಸಿ ಮಾಡಿಡಬೇಡಿ ಅಂತ ಮಾಲೀಕರಿಗೆ ಹೇಳಿ. ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇರುವ ಎಂಜಿಬಿ ಚೋಕ್ ಎಳೆದರೂ ಶುರುವಿನಲ್ಲಿ ಸ್ವಲ್ಪ ಮುಗ್ಗರಿಸುತ್ತದೆ, ಅದು ತಪ್ಪಲ್ಲ. ಬಿಸಿಯಾದ ಮೇಲೂ ಆಕ್ಸಲರೇಟರ್ ಒತ್ತಿದಾಗ ತಡವರಿಸಿದರೆ ಕಾರ್ಬುರೇಟರ್ ಮೇಲಿನ ಮುಚ್ಚಳ ಬಿಚ್ಚಿ, ಒಳಗೆ ಡ್ಯಾಂಪರ್ ಎಣ್ಣೆ ಇದೆಯಾ ನೋಡಿ. ಎಷ್ಟೋ ಸಲ ಸಮಸ್ಯೆ ಅಷ್ಟೇ. ಫ್ಯುಯೆಲ್ ಇಂಜೆಕ್ಷನ್ ಇರುವ ಎಂಎಕ್ಸ್-5 ಹಾಗಲ್ಲ, ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗಿ ಏರಿಳಿತ ಇಲ್ಲದೆ ಓಡುತ್ತಿರಬೇಕು. ಅದೂ ಮುಗ್ಗರಿಸಿದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಒಂದರ ಸ್ವಭಾವ ಇನ್ನೊಂದರಲ್ಲಿ ರೋಗ, ಇದನ್ನು ಕೊನೇವರೆಗೂ ತಲೆಯಲ್ಲಿಡಿ.

ಓಡಿಸುವುದು ಅದೇ ದಿನ, ಅದೇ ರಸ್ತೆಯಲ್ಲಿ, ಹಳೆಯದನ್ನೇ ಮೊದಲು. ಎಂಎಕ್ಸ್-5ರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಅದರಿಂದ ಇಳಿದು ನೇರವಾಗಿ ಹಿಂದೆ ಡ್ರಮ್ ಇರುವ ಎಂಜಿಬಿ ಹತ್ತಿದರೆ ಬ್ರೇಕೇ ಇಲ್ಲ ಅನ್ನಿಸಿಬಿಡುತ್ತದೆ. ಗುಂಡಿ ಇರುವ ತಿರುವಿನಲ್ಲಿ ಎಂಜಿಬಿ ಹಿಂಭಾಗ ಕುಪ್ಪಳಿಸುವುದು ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಗುಣ. 1967ಕ್ಕಿಂತ ಹಿಂದಿನದಾದರೆ ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಗೇರು ಸದ್ದಿಲ್ಲದೆ ಕೂರುವಂತೆ ವೇಗ ಹೊಂದಿಸುವ ಭಾಗ, ಇಲ್ಲ, ಚಲಿಸುವಾಗ ಹಾಕಿದರೆ ಕರ್ ಅನ್ನುತ್ತದೆ. ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುವುದು ಮಾತ್ರ ಎರಡರಲ್ಲೂ ತಪ್ಪೇ.

ದಿನಾ ಓಡಿಸೋಕೆ ನಾನಂತೂ ಎಂಎಕ್ಸ್-5 ಅಂತೀನಿ. ವಾಲ್ವ್ ಕ್ಲಿಯರೆನ್ಸ್, ಗ್ರೀಸು ಅಂತ ಸ್ಪ್ಯಾನರ್ ಹಿಡಿದು ಕೂರುವುದೇ ಖುಷಿ ಅನ್ನುವವರಿಗೆ ಎಂಜಿಬಿಯಷ್ಟು ಸಲೀಸಾಗಿ ಕೈಗೆ ಸಿಗುವ ಕಾರು ಕಡಿಮೆ. ಎಂಎಕ್ಸ್-5 ತಗೊಳ್ಳೋದಾದರೆ ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನೂ ಸೇರಿಸಿಕೊಳ್ಳಿ.